ಸಣ್ಣ ಕೋವಿ, ಸಣ್ಣ ಗಂಟು

ಬಂದೂಕೆಂದೊಡನೆ ನಮ್ಮವರ ಮನಸ್ಸಿನಲ್ಲಿ ಮೂಡುವ ಚಿತ್ರಗಳು ಬಹುಶಃ ಎರಡೇ: ಒಂದು, ಅರಮನೆಯ ಗೋಡೆಯಲ್ಲಿ ಹುಲಿಯ ತಲೆಯ ಕೆಳಗೆ ಅಡ್ಡಲಾಗಿ ತೂಗುವ ಜೋಡುನಳಿಗೆಯ ಬೇಟೆಗೋವಿ; ಇನ್ನೊಂದು, ಬ್ಯಾಂಕಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತ ಕಾವಲುಗಾರನ ತೊಡೆಗೆ ಒರಗಿರುವ, ಹಾರಿಸಿದರೆ ಹಾರೀತೇ ಎಂಬ ಸಂಶಯವನ್ನು ಹುಟ್ಟಿಸುವ, ಹನ್ನೆರಡು ಬೋರಿನ ಹಳೆಯ ಕೋವಿ. ಸಂಪತ್ತಿನ ಲಾಂಛನವಾದ ಅದಕ್ಕೂ ಹೊಟ್ಟೆಪಾಡಿನ ಉಪಕರಣವಾದ ಇದಕ್ಕೂ ನಡುವೆ, ಯಾವ ಆಡಂಬರವನ್ನೂ ಬಯಸದೆ ಕೇವಲ ಗುರಿಯ ಸುಖಕ್ಕಾಗಿ ಬಾಳುವ ಮೂರನೆಯದೊಂದು ಜಾತಿಯುಂಟು. ಐದೂವರೆ ಮಿಲಿಮೀಟರಿಗಿಂತ ಕಿಂಚಿತ್ತೇ ಅಗಲವಾದ ನಳಿಗೆಯುಳ್ಳ, ಮೂರು ಕಿಲೋಗ್ರಾಮಿನ ಆಸುಪಾಸಿನ ತೂಕದ, ಹಾರಿಸಿದಾಗ ಹೆಗಲನ್ನು ನೂಕಿದ್ದೇ ತಿಳಿಯದಷ್ಟು ಸೌಮ್ಯಸ್ವಭಾವದ ಈ ರೈಫಲ್ಲಿಗೆ ಲೆಕ್ಕದ ಭಾಷೆಯಲ್ಲಿ .22 ಎಂದು ಹೆಸರು, ಎನ್.ಸಿ.ಸಿ.ಯ ಖಾಕಿ ತೊಟ್ಟು ಒಮ್ಮೆಯಾದರೂ ಫೈರಿಂಗ್ ರೇಂಜಿನ ಮಣ್ಣಿನಲ್ಲಿ ಬೋರಲು ಮಲಗಿದವರಿಗೆಲ್ಲ ಅದು ‘ಪಾಯಿಂಟ್ ಟೂ ಟೂ’.

ಅಂದು ಕಾಲೇಜಿನಲ್ಲಿ ಹಾರಿಸಿದ ನಾಲ್ಕಾರು ಗುಂಡುಗಳ ರುಚಿಯನ್ನು ಮರೆಯಲಾರದೆ, ಮನೆಯ ಸಾಲದ ಕಂತೂ ಮಕ್ಕಳ ಶುಲ್ಕವೂ ಕಳೆದು ಉಳಿದ ಅಲ್ಪಸ್ವಲ್ಪದಲ್ಲಿ ಸ್ವಂತಕ್ಕೊಂದು ಸಣ್ಣ ರೈಫಲ್ಲನ್ನು ಮಾಡಿಕೊಳ್ಳಬಹುದೇ ಎಂದು ಯೋಚಿಸುವ ಮಧ್ಯಮವರ್ಗದ ಗೃಹಸ್ಥನೊಬ್ಬನನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಬರೆಯುತ್ತಿದ್ದೇನೆ. ಅವನಿಗೆ ನಾನು ಹೇಳತಕ್ಕದ್ದು ಮುಖ್ಯವಾಗಿ ಒಂದೇ: ಕೈಯಲ್ಲಿ ಹಣ ಕಡಿಮೆಯಿರುವವನು ನಳಿಗೆಗೂ ಗುರಿನೋಟದ ಸಾಧನಕ್ಕೂ ಗುಂಡಿಗೂ ಧಾರಾಳವಾಗಿ ಕೊಡಬೇಕು, ಮರದ ನುಣುಪಿಗೂ ಉಕ್ಕಿನ ಮೆರುಗಿಗೂ ಪರದೇಶದ ಹೆಸರಿಗೂ ಕವಡೆಯನ್ನೂ ಕೊಡಬಾರದು. ಅಂಗಡಿಯಲ್ಲಿ ಕಣ್ಣಿಗೆ ಬೀಳುವ ಗುಣಗಳೇ ಬೇರೆ, ಕಾಗದದ ಗುರಿಯ ಮೇಲೆ ತೂತಾಗಿ ಕಾಣಿಸಿಕೊಳ್ಳುವ ಗುಣಗಳೇ ಬೇರೆ ಎಂಬ ಈ ಭೇದವನ್ನು ತಿಳಿಯದವನ ಹಣವೆಲ್ಲ ಮೊದಲನೆಯದಕ್ಕೇ ವೆಚ್ಚವಾಗಿಹೋಗುತ್ತದೆ.

ಸಣ್ಣ ತೋಟೆಯ ವಂಶಾವಳಿಯನ್ನು ನೋಡಿದರೆ ಮಿತವ್ಯಯವು ಅದರ ಹುಟ್ಟುಗುಣವೆಂದೇ ತೋರುತ್ತದೆ. 1845ರ ಸುಮಾರಿಗೆ ಪ್ಯಾರಿಸಿನ ಲೂಯಿ ನಿಕೊಲಾ ಫ್ಲೋಬೆರ್ ಎಂಬ ಕುಶಲಕರ್ಮಿಯು, ನಮ್ಮ ಮಲೆನಾಡಿನ ಕೇಪಿನ ಕೋವಿಗೆ ಹಾಕುವಂಥ ಕೇಪೊಂದರ ಬಾಯಿಗೆ ನೇರವಾಗಿ ಸೀಸದ ಗೋಲಿಯನ್ನು ಕೂರಿಸಿ, ಬೇರೆ ಮದ್ದಿನ ಹಂಗಿಲ್ಲದೆ ಮನೆಯ ಪಡಸಾಲೆಯಲ್ಲಿಯೇ ಗುರಿಯಾಟವಾಡಲು ಅನುವು ಮಾಡಿಕೊಟ್ಟನು. 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಸಂಸ್ಥೆಯವರು ಅದರೊಳಗೆ ಒಂದಿಷ್ಟು ಮದ್ದನ್ನು ತುಂಬಿ ತಮ್ಮ ಪುಟ್ಟ ರಿವಾಲ್ವರಿಗೆ ಹೊಂದಿಸಿದರು. ಕೊನೆಗೆ 1887ರಲ್ಲಿ ಮ್ಯಾಸಚೂಸೆಟ್ಸಿನ ಸ್ಟೀವನ್ಸ್ ಕಂಪನಿಯು ಕೋಶವನ್ನು ಉದ್ದಮಾಡಿ, ನಲವತ್ತು ಗ್ರೇನು, ಎಂದರೆ ಸುಮಾರು 2.6 ಗ್ರಾಮು ತೂಕದ ಗುಂಡನ್ನು ಕೂರಿಸಿದಾಗ, ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿರುವ ‘ಲಾಂಗ್ ರೈಫಲ್’ ತೋಟೆಯು ಸಿದ್ಧವಾಯಿತು. ಇದರ ರಚನೆಯಲ್ಲಿಯೇ ಅಗ್ಗದ ಗುಟ್ಟು ಅಡಗಿದೆ. ದೊಡ್ಡ ತೋಟೆಗಳ ಬುಡದ ಮಧ್ಯದಲ್ಲಿ ಪ್ರತ್ಯೇಕವಾದೊಂದು ಕೇಪನ್ನು ಕೂರಿಸಿರುತ್ತಾರೆ, ಇದಕ್ಕೆ ಅದಿಲ್ಲ. ಬುಡದ ಅಂಚನ್ನೇ ಟೊಳ್ಳಾಗಿ ಮಡಿಸಿ ಆ ಟೊಳ್ಳಿನೊಳಗೆ ಸಿಡಿಯುವ ಲೇಪವನ್ನು ಹರಡಿರುವುದರಿಂದ, ರೈಫಲ್ಲಿನ ಮೊಳೆಯು ಅಂಚನ್ನು ಜಜ್ಜಿದ ಮಾತ್ರದಿಂದ ಕಿಡಿ ಹುಟ್ಟಿ ಮದ್ದು ಹೊತ್ತಿಕೊಳ್ಳುತ್ತದೆ. ಜಜ್ಜಲು ಬರುವಷ್ಟು ತೆಳ್ಳಗಿರಬೇಕಾದ ಹಿತ್ತಾಳೆಯು ಹೆಚ್ಚಿನ ಒತ್ತಡವನ್ನು ತಾಳಲಾರದಾದ್ದರಿಂದ ಈ ತೋಟೆಯು ಎಂದಿಗೂ ಬಲಶಾಲಿಯಾಗಲಾರದು. ಒಮ್ಮೆ ಹಾರಿಸಿದ ಕೋಶವನ್ನು ಮತ್ತೆ ತುಂಬಲೂ ಬಾರದು. ಆದರೆ ಆ ಬಲಹೀನತೆಯೇ ವರವಾಗಿ, ಹಗುರವಾದ ನಳಿಗೆ, ಸರಳವಾದ ಬೋಲ್ಟು, ಕಡಿಮೆ ಸದ್ದು, ಕಡಿಮೆ ಬೆಲೆ ಎಲ್ಲವೂ ಅದರ ಬೆನ್ನಹಿಂದೆಯೇ ಬಂದುವು.

ಇದನ್ನು ಬಡವರ ಕೈಗೆ ತಲುಪಿಸಿದ ಕೀರ್ತಿಯು ವಿಚಿತ್ರವಾದ ರೀತಿಯಲ್ಲಿ ಒಂದು ಯುದ್ಧಕ್ಕೆ ಸಲ್ಲತಕ್ಕದ್ದಾಗಿದೆ. 1899ರಲ್ಲಿ ಆರಂಭವಾದ ದಕ್ಷಿಣ ಆಫ್ರಿಕದ ಬೋಅರ್ ಯುದ್ಧದಲ್ಲಿ, ಹೊಲ ಉಳುವ ರೈತರ ಗುರಿಗಾರಿಕೆಯೆದುರು ತನ್ನ ವೇತನದ ಸೈನಿಕರು ತತ್ತರಿಸಿದುದನ್ನು ಕಂಡ ಬ್ರಿಟನ್ನಿಗೆ, ಸಾಮಾನ್ಯ ಪ್ರಜೆಗೂ ಗುರಿವಿದ್ಯೆಯನ್ನು ಕಲಿಸಬೇಕೆಂಬ ಚಿಂತೆ ಹತ್ತಿತು. ಆದರೆ ಸೈನ್ಯದ ರೈಫಲ್ಲಿಗೆ ನೂರಾರು ಗಜಗಳ ಬಯಲು ಬೇಕು. ಗುಂಡಿಗೆ ಹಣ ಬೇಕು. ಹತ್ತು ಗಂಟೆ ದುಡಿದು ಬರುವ ಕಾರ್ಖಾನೆಯ ಕೂಲಿಗಾರನಿಗೆ ಎರಡೂ ಇಲ್ಲ. ಆಗ, 1901ರಲ್ಲಿ, ಶ್ರಮಜೀವಿಗಳ ರೈಫಲ್ ಕ್ಲಬ್ಬುಗಳ ಸಂಘವೆಂಬುದೊಂದು ಸ್ಥಾಪಿತವಾಗಿ, ಫೀಲ್ಡ್ ಮಾರ್ಷಲ್ ಲಾರ್ಡ್ ರಾಬರ್ಟ್ಸನಂಥ ವೃದ್ಧ ಸೇನಾಪತಿಯ ಬೆಂಬಲವನ್ನು ಪಡೆದು, ಊರೂರಿನ ಸಭಾಂಗಣಗಳಲ್ಲಿ ಇಪ್ಪತ್ತೈದು ಗಜದ ಒಳಾಂಗಣ ರೇಂಜುಗಳನ್ನು ಹುಟ್ಟುಹಾಕಿತು. ಅವುಗಳಿಗೆಂದೇ ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಮೊದಲಾದ ಕಾರ್ಖಾನೆಗಳು ಸಣ್ಣ ರೈಫಲ್ಲುಗಳನ್ನು ತಯಾರಿಸಿದುವು. ರೈಫಲ್ಲು ಕ್ಲಬ್ಬಿನದು, ಗುಂಡಿನ ಬೆಲೆ ಮಾತ್ರ ಸದಸ್ಯನದು ಎಂಬ ಆ ಏರ್ಪಾಟಿನಷ್ಟು ವಿವೇಕಯುತವಾದುದನ್ನು ಗುರಿವಿದ್ಯೆಯ ಇತಿಹಾಸದಲ್ಲಿ ನಾನು ಬೇರೆ ಕಾಣೆ. ಅತ್ತ ಅಮೆರಿಕದಲ್ಲಾದರೋ ಕ್ಲಬ್ಬಿನ ಮಧ್ಯಸ್ಥಿಕೆಯೂ ಬೇಕಾಗದೆ, 1960ರಲ್ಲಿ ಬಂದ ಮಾರ್ಲಿನ್ 60 ಎಂಬ ಒಂದೇ ಮಾದರಿಯು ಕೋಟಿಗೂ ಮಿಕ್ಕಿ ಮಾರಾಟವಾಯಿತು. ಅಲ್ಲಿ ಅಗ್ಗದ ರೈಫಲ್ಲನ್ನು ಆರಿಸುವುದೆಂದರೆ ಹತ್ತಾರು ಮಾದರಿಗಳ ನಡುವೆ ಅಲೆದಾಡುವುದು.

ನಮ್ಮ ದೇಶದ ಸಂಗತಿ ಹಾಗಲ್ಲ. ಇಲ್ಲಿ ಆಯ್ಕೆಯು ಅಂಗಡಿಯಲ್ಲಿ ಆರಂಭವಾಗದೆ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ, ಬೆಂಗಳೂರಿನಂಥ ನಗರದಲ್ಲಾದರೆ ಪೋಲೀಸ್ ಕಮಿಷನರರ ಕಚೇರಿಯಲ್ಲಿ, ಆರಂಭವಾಗುತ್ತದೆ. 1959ರ ಶಸ್ತ್ರಾಸ್ತ್ರ ಅಧಿನಿಯಮದ ಪ್ರಕಾರ ಇಪ್ಪತ್ತೊಂದು ವರ್ಷ ತುಂಬಿದವನು ಮಾತ್ರ ಪರವಾನಿಗೆಯನ್ನು ಕೇಳಬಹುದು; 2016ರ ನಿಯಮಾವಳಿಯ ಅನುಸಾರ ಶಸ್ತ್ರವನ್ನು ಸುರಕ್ಷಿತವಾಗಿ ಬಳಸುವ ತರಬೇತಿಯ ಪ್ರಮಾಣಪತ್ರವನ್ನೂ ತರಬೇಕು; 2019ರ ತಿದ್ದುಪಡಿಯ ತರುವಾಯ ಸಾಮಾನ್ಯನೊಬ್ಬನು ಎರಡಕ್ಕಿಂತ ಹೆಚ್ಚು ಶಸ್ತ್ರಗಳನ್ನು ಇಟ್ಟುಕೊಳ್ಳುವಂತಿಲ್ಲ, ಪರವಾನಿಗೆಯ ಅವಧಿ ಐದು ವರ್ಷ. ಪೋಲೀಸರ ವಿಚಾರಣೆ ಮುಗಿದು ಪರವಾನಿಗೆಯ ಪುಸ್ತಕವು ಕೈಗೆ ಬರುವ ತನಕ ಯಾರಿಗೂ ಮುಂಗಡ ಕೊಡಬಾರದೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಒಳ್ಳೆಯ ರೈಫಲ್ಲು ಕೈತಪ್ಪೀತೆಂಬ ಆತುರದಲ್ಲಿ ಹಣ ಕಟ್ಟಿ, ಅನಂತರ ಅರ್ಜಿಯು ತಿರಸ್ಕೃತವಾಗಿ, ಮಾರಿದವನ ಬಾಗಿಲನ್ನು ಸವೆಸುವುದು ಬಡವನಿಗೆ ಒಪ್ಪುವ ವಿನೋದವಲ್ಲ.

ಇಷ್ಟು ದೂರ ಹೋಗುವುದಕ್ಕೆ ಮೊದಲು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ನನಗೆ ಬೇಕಾದದ್ದು ಕೋವಿಯೋ, ಗುರಿಯೋ? ಗುರಿಯೇ ಆದರೆ .177, ಎಂದರೆ ನಾಲ್ಕೂವರೆ ಮಿಲಿಮೀಟರು ವ್ಯಾಸದ, ಇಪ್ಪತ್ತು ಜೂಲ್ ಶಕ್ತಿಯನ್ನು ಮೀರದ ಗಾಳಿಕೋವಿಗೆ ಪರವಾನಿಗೆಯೇ ಬೇಡ. ಇದನ್ನು ಮಕ್ಕಳಾಟಿಕೆಯೆಂದು ತಳ್ಳಿಹಾಕುವವರು 2008ರ ಬೀಜಿಂಗಿನಲ್ಲಿ ಭಾರತಕ್ಕೆ ಮೊತ್ತಮೊದಲ ವೈಯಕ್ತಿಕ ಒಲಿಂಪಿಕ್ ಸ್ವರ್ಣವನ್ನು ತಂದಿತ್ತ ಅಭಿನವ್ ಬಿಂದ್ರಾ ಅವರ ಕೈಯಲ್ಲಿದ್ದದ್ದು ಹತ್ತು ಮೀಟರಿನ ಗಾಳಿ ರೈಫಲ್ಲೇ ಎಂಬುದನ್ನು ನೆನೆಯಬೇಕು. ಆ ಸ್ಪರ್ಧೆಯ ಗುರಿಯಲ್ಲಿ ಹತ್ತು ಅಂಕದ ಬಿಂದುವು ಅರ್ಧ ಮಿಲಿಮೀಟರಿನಷ್ಟೇ ಅಗಲ; ಅದನ್ನು ತಾಗಿಸಲು ಬೇಕಾದ ಉಸಿರಿನ ನಿಗ್ರಹ, ಭುಜದ ನಿಶ್ಚಲತೆ, ಬೆರಳಿನ ಸಂಯಮ ಇವೆಲ್ಲವೂ .22ಕ್ಕೆ ಬೇಕಾದವುಗಳೇ, ಬಹುಶಃ ಒಂದು ಕೈ ಮೇಲೆಯೇ. ನಿಜ, ಒಲಿಂಪಿಕ್ ಮಟ್ಟದ ಫೈನ್‌ವೆರ್ಕ್‌ಬೌ, ವಾಲ್ಟರ್, ಆನ್‌ಶುಟ್ಸ್ ಮುಂತಾದ ಜರ್ಮನ್ ಗಾಳಿ ರೈಫಲ್ಲುಗಳ ಬೆಲೆ ಲಕ್ಷಗಳ ಮಾತು. 2012ರ ಲಂಡನ್ನಿನಲ್ಲಿ ಕಂಚನ್ನು ಗೆದ್ದ ಗಗನ್ ನಾರಂಗ್ ಅವರಿಗೆ ರೈಫಲ್ಲು ಕೊಡಿಸಲೆಂದು ತಂದೆತಾಯಿಗಳು ನಿವೇಶನವನ್ನೇ ಮಾರಿದ ಕಥೆ ಪ್ರಸಿದ್ಧವಾಗಿದೆ. ಆದರೆ ಸ್ಪ್ರಿಂಗಿನಿಂದ ನಡೆಯುವ ದೇಶೀಯ ಗಾಳಿಕೋವಿಯೊಂದು ಅದರ ಅತ್ಯಲ್ಪ ಭಾಗಕ್ಕೆ ದೊರಕುತ್ತದೆ. ಅದರ ಚರೆಯೊಂದರ ಬೆಲೆ .22 ಗುಂಡಿನ ಬೆಲೆಯ ಮುಂದೆ ಏನೂ ಅಲ್ಲ. ಮನೆಯ ಹಿತ್ತಿಲಿನಲ್ಲಿ ಹತ್ತು ಮೀಟರು ಉದ್ದವೂ ಗಟ್ಟಿಯಾದ ತಡೆಯೂ ಇದ್ದರೆ ವರ್ಷವೆಲ್ಲ ಅಭ್ಯಾಸ ನಡೆಯುತ್ತದೆ. ಒಂದು ವರ್ಷ ಗಾಳಿಕೋವಿಯಲ್ಲಿ ಬೇಸರವಿಲ್ಲದೆ ಕಾಲ ಕಳೆದವನು ಮಾತ್ರ .22ಕ್ಕೆ ಅರ್ಹನೆಂಬುದು ನನ್ನ ಕಟ್ಟುನಿಟ್ಟಾದ ಅಭಿಪ್ರಾಯ. ಬೇಸರ ಬಂದವನ ಉಳಿತಾಯವೂ ಸಣ್ಣದಲ್ಲ.

ಅಷ್ಟಾದರೂ .22ನ್ನೇ ಕೊಳ್ಳಬೇಕೆಂದು ನಿಶ್ಚಯಿಸಿದವನ ಮುಂದೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಹಾದಿಗಳು. ಮೊದಲನೆಯದು, ಬಂಗಾಳದ ಇಷಾಪುರದಲ್ಲಿ 1904ರಲ್ಲಿ ಆರಂಭವಾದ ಸರ್ಕಾರೀ ರೈಫಲ್ ಕಾರ್ಖಾನೆಯು ತಯಾರಿಸುವ .22 ಸ್ಪೋರ್ಟಿಂಗ್ ರೈಫಲ್ಲು. 2021ರಲ್ಲಿ ಆರ್ಡ್‌ನೆನ್ಸ್ ಫ್ಯಾಕ್ಟರಿಗಳೆಲ್ಲ ಕಂಪನಿಗಳಾಗಿ ಮಾರ್ಪಟ್ಟ ಮೇಲೆ ಇದೂ ಕಾನಪುರದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಕಂಪನಿಯ ಅಧೀನಕ್ಕೆ ಬಂದಿದೆ. ಎರಡನೆಯದು, ದಶಕಗಳ ಹಿಂದೆ ಆಮದು ಸುಲಭವಾಗಿದ್ದ ಕಾಲದಲ್ಲಿ ಬಂದು ಕಾಫಿತೋಟಗಳ ಬಂಗಲೆಗಳಲ್ಲಿಯೂ ನಿವೃತ್ತ ಅಧಿಕಾರಿಗಳ ಬೀರುಗಳಲ್ಲಿಯೂ ಉಳಿದುಕೊಂಡಿರುವ ಪರದೇಶೀ ರೈಫಲ್ಲುಗಳು: ಇಂಗ್ಲೆಂಡಿನ ಬಿ.ಎಸ್.ಎ., ಜರ್ಮನಿಯ ವಾಲ್ಟರ್, ಎಲ್ಲಕ್ಕಿಂತ ಮಿಗಿಲಾಗಿ ಅಂದಿನ ಚೆಕೊಸ್ಲೊವಾಕಿಯದ ಬ್ರನೊ. ಈಗ ಅಂತಾರಾಷ್ಟ್ರೀಯ ಅರ್ಹತೆ ಪಡೆದ ಕ್ರೀಡಾಪಟುವಲ್ಲದ ಸಾಮಾನ್ಯನು ಹೊಸ ರೈಫಲ್ಲನ್ನು ಹೊರದೇಶದಿಂದ ತರಿಸುವಂತಿಲ್ಲವಾದ್ದರಿಂದ ಈ ಹಳೆಯವುಗಳಿಗೆ ಯೋಗ್ಯತೆಯನ್ನು ಮೀರಿದ ಬೆಲೆಯೂ ಒಂದು ಬಗೆಯ ಭಕ್ತಿಯೂ ಅಂಟಿಕೊಂಡಿವೆ.

ಇಷಾಪುರದ ರೈಫಲ್ಲು ಚೆಲುವಿನದಲ್ಲ. ಅದರ ಮರ ಒರಟು, ಬೋಲ್ಟು ಮೊದಮೊದಲು ಬಿಗಿ, ಟ್ರಿಗರು ಎಳೆಯುವವನ ತಾಳ್ಮೆಯನ್ನು ಪರೀಕ್ಷಿಸುವಷ್ಟು ಗಡಸು. ಒಂದರಂತೆ ಮತ್ತೊಂದಿರುವುದೂ ಇಲ್ಲ. ಆದರೆ ನಳಿಗೆಯು ಹೊಸದು. ಅದರೊಳಗೆ ಹಿಂದೆ ಯಾರು ಏನು ಮಾಡಿದರೋ ಎಂಬ ಭಯವಿಲ್ಲ. ಬಿಡಿಭಾಗಗಳು ದೇಶದೊಳಗೇ ಇವೆ. ತಾಳ್ಮೆಯಿಂದ ಕೆಲವು ನೂರು ಗುಂಡು ಹಾರಿಸಿ, ಬಲ್ಲವನೊಬ್ಬನಿಂದ ಬೋಲ್ಟನ್ನು ಹದಮಾಡಿಸಿದರೆ ಅಭ್ಯಾಸಿಗೆ ಸಾಕಾದಷ್ಟು ನಿಷ್ಠೆಯಿಂದ ಅದು ನಡೆದುಕೊಳ್ಳುತ್ತದೆ. ಟ್ರಿಗರನ್ನು ಮಾತ್ರ ಊರಿನ ಕಮ್ಮಾರಶಾಲೆಗೆ ಒಯ್ದು ಉಜ್ಜಿಸಬಾರದು. ಹಗುರವಾಗಲೆಂದು ಉಜ್ಜಿಸಿದ ಟ್ರಿಗರು ಒಂದು ದಿನ ತಟ್ಟಿದ ಮಾತ್ರಕ್ಕೆ ಬಿಟ್ಟುಕೊಂಡರೆ ಆಗುವ ಅನಾಹುತಕ್ಕೆ ಯಾವ ಉಳಿತಾಯವೂ ಸಮನಾಗದು.

ಹಳೆಯ ಬ್ರನೊ ರೈಫಲ್ಲಿನ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಕೈಕಚ್ಚುವ ಅವಕಾಶ ಇರುವುದು ಇಲ್ಲಿಯೇ, ಲಾಭದ ಅವಕಾಶವೂ ಇಲ್ಲಿಯೇ. ಎರಡನೆಯ ಮಹಾಯುದ್ಧದ ತರುವಾಯ ಬ್ರನೊ ನಗರದ ಕಾರ್ಖಾನೆಯಿಂದ ಹೊರಬಂದ ಮೊದಲನೆಯ ಮತ್ತು ಎರಡನೆಯ ನಂಬರಿನ ಮಾದರಿಗಳು, ಐದು ಗುಂಡಿನ ತೆಗೆದುಹಾಕುವ ಮ್ಯಾಗಜೀನು, ಒಂದೇ ಉಕ್ಕಿನಿಂದ ಕಡೆದ ಗಟ್ಟಿಯಾದ ಮೈ, ಅಚ್ಚುಕಟ್ಟಾದ ನಳಿಗೆ ಇವುಗಳಿಂದಾಗಿ, ತಮ್ಮ ಕಾಲದ ದುಬಾರಿ ರೈಫಲ್ಲುಗಳನ್ನು ನಾಚಿಸುವಂತೆ ಗುಂಡು ಕೂರಿಸುತ್ತಿದ್ದುವು. ಇಂಥದೊಂದು ಮಾರಾಟಕ್ಕಿದೆಯೆಂದು ತಿಳಿದಾಗ ಮೊದಲು ನೋಡಬೇಕಾದದ್ದು ನಳಿಗೆಯ ಒಳಗನ್ನು. ಬೋಲ್ಟನ್ನು ಹೊರತೆಗೆದು, ನಳಿಗೆಯೊಳಕ್ಕೆ ಒಣಬಟ್ಟೆಯನ್ನು ಹಾಯಿಸಿ, ಬೆಳಕಿಗೆ ಹಿಡಿದು ಹಿಂದಿನಿಂದ ನೋಡತಕ್ಕದ್ದು. ಎಣ್ಣೆ ತುಂಬಿದ ನಳಿಗೆಯನ್ನು ತೋರಿಸುವವನು ಒಂದೋ ಶುಚಿತ್ವದ ಅತಿಭಕ್ತ, ಇಲ್ಲವೆ ತುಕ್ಕಿನ ಗುಳಿಗಳನ್ನು ಮರೆಸುತ್ತಿರುವವನು. ಒಳಗಿನ ಸುರುಳಿಗೆರೆಗಳು ಚೂಪಾಗಿ, ಕೊನೆಯ ತನಕ ಕಡಿಯದಂತೆ ಕಾಣಬೇಕು. ನಡುವೆ ಎಲ್ಲಾದರೂ ಕಪ್ಪನೆಯ ಉಂಗುರವೊಂದು ಕಂಡರೆ, ಹಿಂದೊಮ್ಮೆ ಸಿಕ್ಕಿಕೊಂಡ ಗುಂಡಿನ ಹಿಂದೆ ಇನ್ನೊಂದನ್ನು ಹಾರಿಸಿ ನಳಿಗೆಯು ಉಬ್ಬಿದೆಯೆಂದು ಅರ್ಥ. ಅಂಥದನ್ನು ಉಚಿತವಾಗಿ ಕೊಟ್ಟರೂ ಕೈಮುಗಿದು ಬರಬೇಕು. 1920ರ ದಶಕಕ್ಕೆ ಮುಂಚಿನ ತೋಟೆಗಳ ಸಿಡಿಲೇಪವು ಹಾರಿದ ಮೇಲೆ ನಳಿಗೆಯೊಳಗೆ ತೇವವನ್ನು ಸೆಳೆಯುವ ಉಪ್ಪನ್ನು ಉಳಿಸುತ್ತಿತ್ತು. ಆದುದರಿಂದ ಅದಕ್ಕೂ ಹಳೆಯ ರೈಫಲ್ಲುಗಳಲ್ಲಿ, ಅದರಲ್ಲಿಯೂ ನಮ್ಮ ಮಲೆನಾಡಿನ ಮಳೆಗಾಲಗಳನ್ನು ಕಂಡವುಗಳಲ್ಲಿ, ಒಳಗು ಕೆಟ್ಟಿರುವುದೇ ಸಹಜ.

ಮುಂದೆ ನೋಡತಕ್ಕದ್ದು ನಳಿಗೆಯ ತುದಿ. ಗುಂಡು ನಳಿಗೆಯನ್ನು ಬಿಡುವ ಕೊನೆಯ ಕ್ಷಣದಲ್ಲಿ ತಾಗುವ ಅಂಚು ಸುತ್ತಲೂ ಸಮವಾಗಿರದಿದ್ದರೆ ಹಿಂದಿನಿಂದ ಒತ್ತಿಬರುವ ಅನಿಲವು ಒಂದು ಕಡೆಯಿಂದ ಮೊದಲು ನುಸುಳಿ ಗುಂಡನ್ನು ಓರೆಮಾಡುತ್ತದೆ. ವರ್ಷಾನುಗಟ್ಟಲೆ ತುದಿಯಿಂದಲೇ ಕಬ್ಬಿಣದ ಸರಳನ್ನು ತುರುಕಿ ಶುಚಿಮಾಡಿದ ರೈಫಲ್ಲುಗಳ ತುದಿಯು ಹೀಗೆ ಸವೆದಿರುತ್ತದೆ. ಆಮೇಲೆ ತೋಟೆ ಕೂರುವ ಗೂಡಿನ ಬಾಯಿ. ಗುಂಡಿಲ್ಲದೆ ಬರಿದೆ ಟ್ರಿಗರೆಳೆದು ಆಡಿದ ರೈಫಲ್ಲಿನಲ್ಲಿ ಮೊಳೆಯು ನಳಿಗೆಯ ಅಂಚಿಗೇ ಬಡಿದು ಅಲ್ಲೊಂದು ಗುಳಿಯನ್ನೋ ಉಬ್ಬನ್ನೋ ಮಾಡಿರಬಹುದು. ಅದರಿಂದ ತೋಟೆ ಸಿಕ್ಕಿಕೊಳ್ಳುತ್ತದೆ. ಹಾರಿದ ಕೋಶವನ್ನು ಎಳೆದು ಹೊರಹಾಕುವ ಪುಟ್ಟ ಕೊಕ್ಕೆಯು ಮುರಿದಿದ್ದರೆ ಬೆಲೆಯನ್ನು ಇಳಿಸಿ ಕೇಳಬಹುದು, ಅದು ಬದಲಿಸಲು ಬರುವ ಭಾಗ. ಮರದ ಹಿಡಿಯು ಕೈಹಿಡಿಯುವ ಕುತ್ತಿಗೆಯಲ್ಲಿ ಸೀಳಿದ್ದರೂ ಅಷ್ಟೇ. ನೀಲಿ ಬಣ್ಣ ಮಾಸಿದೆಯೆಂದು ಯಾರಾದರೂ ಬೆಲೆಯನ್ನು ಅರ್ಧಕ್ಕಿಳಿಸಿದರೆ ಸಂತೋಷದಿಂದ ಕೊಳ್ಳಿರಿ. ಕೊನೆಯದಾಗಿ, ಮೈಮೇಲೆ ಕೆತ್ತಿದ ಸಂಖ್ಯೆಯೂ ಮಾರುವವನ ಪರವಾನಿಗೆಯಲ್ಲಿರುವ ಸಂಖ್ಯೆಯೂ ಅಕ್ಷರಶಃ ಒಂದೇ ಆಗಿರಬೇಕು. ಒಂದು ಅಂಕೆಯ ವ್ಯತ್ಯಾಸವಿದ್ದರೂ ಅದು ಮಾರುವವನ ತಲೆನೋವಾಗಿಯೇ ಉಳಿಯಲಿ. ಸಾಧ್ಯವಾದರೆ, ಅವನ ಒಪ್ಪಿಗೆಯಿಂದ ಅಧಿಕೃತ ರೇಂಜೊಂದರಲ್ಲಿ ಅವನ ಕೈಯಿಂದಲೇ ಇಪ್ಪತ್ತೈದು ಮೀಟರಿನಲ್ಲಿ ಐದೈದು ಗುಂಡುಗಳ ಎರಡು ಗುಂಪುಗಳನ್ನು ಹಾರಿಸಿ ನೋಡಿದರೆ, ಮೇಲೆ ಹೇಳಿದ ಪರೀಕ್ಷೆಗಳೆಲ್ಲ ಕೂಡಿ ಹೇಳುವುದಕ್ಕಿಂತ ಹೆಚ್ಚನ್ನು ಆ ಕಾಗದದ ತುಣುಕು ಹೇಳುತ್ತದೆ.

ಹೀಗೆ ನೋಡಿ ಶುದ್ಧವೆಂದು ಕಂಡ ಹಳೆಯ ಬ್ರನೊ ಇಷಾಪುರದ ಹೊಸದರ ಬೆಲೆಗೆ ಸಮೀಪದಲ್ಲಿ ಸಿಕ್ಕರೆ ಹಳೆಯದನ್ನೇ ಕೊಳ್ಳಬೇಕು. ಬೆಲೆ ಎರಡರಷ್ಟಾದರೆ ಹೊಸದನ್ನು ಕೊಂಡು ಮಿಕ್ಕ ಹಣವನ್ನು ಗುಂಡಿಗೆ ಇಡಬೇಕು.

ಗುರಿನೋಟದ ಸಾಧನದ ವಿಷಯದಲ್ಲಿ ನಮ್ಮ ಜನಕ್ಕೆ ದುರ್ಬೀನಿನ ಮೋಹ ಬಹಳ. ಅಗ್ಗದ ದುರ್ಬೀನು ಅಗ್ಗದ ರೈಫಲ್ಲಿಗಿಂತ ಕೆಟ್ಟದ್ದು. ಅದರೊಳಗಿನ ಗೆರೆಗಳು ಇಂದು ಒಂದು ಕಡೆ ನಿಂತರೆ ನಾಳೆ ಇನ್ನೊಂದು ಕಡೆ ನಿಲ್ಲುತ್ತವೆ, ತಪ್ಪು ಕೈಯದೋ ಗಾಜಿನದೋ ಎಂಬುದೇ ತಿಳಿಯದೆ ಕಲಿಯುವವನು ಕಂಗೆಡುತ್ತಾನೆ. ಕಣ್ಣಿನ ಹತ್ತಿರ ಸಣ್ಣ ರಂಧ್ರವುಳ್ಳ ಬಿಲ್ಲೆ, ನಳಿಗೆಯ ತುದಿಯಲ್ಲಿ ಕಂಬ ಅಥವಾ ಉಂಗುರ ಇರುವ ‘ಪೀಪ್ ಸೈಟು’ ಇದಕ್ಕಿಂತ ಎಷ್ಟೋ ಮೇಲು. ರಂಧ್ರದ ಮೂಲಕ ನೋಡುವಾಗ ಕಣ್ಣು ತಾನಾಗಿಯೇ ಮಧ್ಯವನ್ನು ಹುಡುಕಿಕೊಳ್ಳುತ್ತದೆ. ರಂಧ್ರವು ಕಿರಿದಾದುದರಿಂದ ಹತ್ತಿರದ ಕಂಬವೂ ದೂರದ ಗುರಿಯೂ ಏಕಕಾಲದಲ್ಲಿ ಸ್ಫುಟವಾಗುತ್ತವೆ. ನಲವತ್ತು ದಾಟಿದ ಕಣ್ಣಿಗೆ ಇದು ವಿಶೇಷ ಉಪಕಾರಿ. ಅನೇಕ .22 ರೈಫಲ್ಲುಗಳ ಮೈಮೇಲ್ಭಾಗದಲ್ಲಿ ಇದನ್ನು ಜಾರಿಸಿ ಬಿಗಿಯುವುದಕ್ಕೆ ಹನ್ನೊಂದು ಮಿಲಿಮೀಟರಿನ ತೋಡುಗಳಿರುತ್ತವೆ. ಕೊಳ್ಳುವಾಗ ಆ ತೋಡಿದೆಯೇ ಎಂದು ನೋಡಿಕೊಳ್ಳಿರಿ. ಅಳತೆಯ ವಿಷಯವನ್ನೂ ಇಲ್ಲಿಯೇ ಮುಗಿಸೋಣ: ಹಿಡಿಯ ಬುಡವನ್ನು ಮಡಿಸಿದ ಮೊಳಕೈಯ ಒಳಮೂಲೆಗೆ ಇಟ್ಟಾಗ ತೋರುಬೆರಳಿನ ಮೊದಲ ಗಿಣ್ಣು ಸರಾಗವಾಗಿ ಟ್ರಿಗರನ್ನು ಮುಟ್ಟಬೇಕು. ಮುಟ್ಟದಿದ್ದರೆ ರೈಫಲ್ಲು ಎಷ್ಟು ಒಳ್ಳೆಯದಾದರೂ ಅದು ಬೇರೆಯವರ ಅಂಗಿ.

ಗುಂಡಿನ ಮಾತು ಉಳಿಯಿತು. ಇಲ್ಲೊಂದು ಭ್ರಾಂತಿಯನ್ನು ಕಳೆಯಬೇಕು. ಪೆಟ್ಟಿಗೆಯ ಮೇಲೆ ‘ಹೈ ವೆಲಾಸಿಟಿ’ ಎಂದು ಅಚ್ಚುಹಾಕಿದ ಗುಂಡು ಹೆಚ್ಚಿನದೆಂದು ಹಲವರು ತಿಳಿಯುತ್ತಾರೆ. ಶಬ್ದದ ವೇಗವು ಸೆಕೆಂಡಿಗೆ ಸುಮಾರು 340 ಮೀಟರು. ಅದನ್ನು ಮೀರಿ ಹೊರಟ ಗುಂಡು ಗಾಳಿಯ ತಡೆಯಿಂದ ನಿಧಾನವಾಗಿ, ದಾರಿಯಲ್ಲೆಲ್ಲೋ ಮತ್ತೆ ಆ ವೇಗದ ಕೆಳಗಿಳಿಯುವಾಗ ನಡುಗುತ್ತದೆ. ಆ ನಡುಕವೇ ಐವತ್ತು ಮೀಟರಿನಲ್ಲಿ ಗುಂಪನ್ನು ಚದರಿಸುತ್ತದೆ. ಒಲಿಂಪಿಕ್ ಶೂಟರುಗಳ ದುಬಾರಿ ಗುಂಡೆಲ್ಲವೂ ಉದ್ದೇಶಪೂರ್ವಕವಾಗಿಯೇ ಶಬ್ದಕ್ಕಿಂತ ನಿಧಾನವಾದುವು. ಆದ್ದರಿಂದ ‘ಸ್ಟ್ಯಾಂಡರ್ಡ್ ವೆಲಾಸಿಟಿ’ ಎಂದಿರುವ ಸಾಧಾರಣ ಗುಂಡನ್ನೇ ಕೊಳ್ಳುವುದು ಗುರಿಗೂ ಕ್ಷೇಮ, ಜೇಬಿಗೂ ಕ್ಷೇಮ. ಒಂದೇ ಕಾರ್ಖಾನೆಯ ಅವಳಿ ರೈಫಲ್ಲುಗಳೆರಡರಲ್ಲಿ ಒಂದಕ್ಕೆ ಒಗ್ಗಿದ ಗುಂಡು ಇನ್ನೊಂದಕ್ಕೆ ಒಗ್ಗದಿರುವುದು ಎಲ್ಲ ಶೂಟರುಗಳ ಅನುಭವ. ಮೂರು ನಾಲ್ಕು ತಯಾರಿಕೆಗಳ ಒಂದೊಂದು ಪೆಟ್ಟಿಗೆಯನ್ನು ತಂದು ಪರೀಕ್ಷಿಸಿ, ಒಗ್ಗಿದ್ದರಲ್ಲಿ ಅತ್ಯಂತ ಅಗ್ಗದ್ದನ್ನು ಗೊತ್ತುಮಾಡಿಕೊಂಡು, ಆ ಮೇಲೆ ಬದಲಿಸದಿರುವುದು ಜಾಣತನ. ವರ್ಷಕ್ಕೆ ಇಂತಿಷ್ಟೇ ಗುಂಡು ಕೊಳ್ಳಬಹುದೆಂದು ಪರವಾನಿಗೆಯಲ್ಲಿಯೇ ನಮೂದಾಗಿರುತ್ತದೆ; ಆ ಮಿತಿಯು ಹುರುಪಿನ ಅಭ್ಯಾಸಿಗೆ ಸಾಲದು. ರೈಫಲ್ ಸಂಘದ ಮೂಲಕ ಶೂಟರನೆಂದು ಮಾನ್ಯತೆ ಪಡೆದವರಿಗೆ ಮಾತ್ರ ಹೆಚ್ಚಿನ ಕೋಟಾ.

ಬೆಲೆಪಟ್ಟಿಯಲ್ಲಿ ಕಾಣದ ವೆಚ್ಚಗಳನ್ನು ಗಣನೆಗೆ ತಂದುಕೊಳ್ಳದೆ ಹೊರಟವನು ಅರ್ಧದಾರಿಯಲ್ಲಿ ನಿಲ್ಲುತ್ತಾನೆ. ಬೀಗವಿರುವ ಕಬ್ಬಿಣದ ಪೆಟ್ಟಿಗೆ, ಹಿಂದಿನಿಂದ ಹಾಯಿಸುವ ಶುಚಿಸರಳು, ಎಣ್ಣೆ, ಕ್ಲಬ್ಬಿನ ಚಂದಾ, ರೇಂಜಿಗೆ ಹೋಗಿಬರುವ ಖರ್ಚು, ಪರವಾನಿಗೆಯ ನವೀಕರಣಕ್ಕೆ ಕಳೆಯುವ ದಿನಗಳು ಎಲ್ಲವೂ ಸೇರುತ್ತವೆ. ಚುನಾವಣೆ ಘೋಷಣೆಯಾದಾಗ ಅನೇಕರು ಕೋವಿಯನ್ನು ಠಾಣೆಯಲ್ಲೋ ಅಧಿಕೃತ ವ್ಯಾಪಾರಿಯ ಬಳಿಯೋ ಒಪ್ಪಿಸಿ ರಸೀದಿ ಪಡೆಯಬೇಕಾಗುತ್ತದೆ. ನಮ್ಮಲ್ಲಿ ಯಾವುದಾದರೂ ಒಂದು ಚುನಾವಣೆ ಇಲ್ಲದ ವರ್ಷ ವಿರಳ. ಒಟ್ಟು ಗಂಟಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ರೈಫಲ್ಲಿಗೆ ಸುರಿಯಬಾರದೆಂದು ನಾನು ಹೇಳುವುದು ಇದರಿಂದಲೇ.

ಕೊಡಗಿನ ಓದುಗರು ಇಷ್ಟು ಹೊತ್ತಿಗೆ ಮುಗುಳ್ನಗುತ್ತಿರಬಹುದು. ಕೊಡವ ಜನಾಂಗದವರಿಗೂ ಜಮ್ಮಾ ಎಂಬ ಪರಂಪರಾಗತ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದಿರುವ ಪರವಾನಿಗೆಯ ವಿನಾಯಿತಿಯು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಲ್ಪಟ್ಟು, 2021ರಲ್ಲಿ ಕರ್ನಾಟಕ ಉಚ್ಚನ್ಯಾಯಾಲಯದ ಸಮ್ಮತಿಯನ್ನೂ ಪಡೆದಿದೆ. ಪಿಸ್ತೂಲು ರಿವಾಲ್ವರುಗಳಿಗೆ ಅದು ಅನ್ವಯಿಸದಿದ್ದರೂ ಕೋವಿಗೂ ರೈಫಲ್ಲಿಗೂ ಅನ್ವಯಿಸುತ್ತದೆ. ಕೈಲ್‌ಪೊಳ್ದು ಹಬ್ಬದಂದು ಪೂಜೆಗೊಳ್ಳುವ ಆ ಮನೆತನದ ಕೋವಿಗಳ ಜೊತೆಗೆ ಈಗ .22 ರೈಫಲ್ಲೂ ನಿಲ್ಲುತ್ತದೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳಲ್ಲಿ ಅನೇಕ ಕಡೆ ಅದಕ್ಕೊಂದು ಪ್ರತ್ಯೇಕ ವಿಭಾಗವೇ ಇರುತ್ತದೆ. ಹಳೆಯ ಒಳ್ಳೆಯ ರೈಫಲ್ಲನ್ನು ನೋಡಿ, ಹಿಡಿದು, ಹಿರಿಯರ ಮಾತು ಕೇಳಿ ಕಲಿಯಬೇಕೆಂಬವನಿಗೆ ಅಂಥ ಪಂದ್ಯಕ್ಕಿಂತ ಉತ್ತಮವಾದ ಪಾಠಶಾಲೆಯಿಲ್ಲ.

ಆದರೆ ಮಲೆನಾಡಿನ ಕೃಷಿಕರು, ತೋಟಕ್ಕೆ ನುಗ್ಗುವ ಹಂದಿಯ ಕಾಟಕ್ಕೆ ಅಗ್ಗದ .22 ಸಾಕೇ ಎಂದು ಕೇಳುವುದುಂಟು. ಸಾಲದು. ಸುಮಾರು ನೂರಮೂವತ್ತು ಜೂಲಿನ ಅದರ ಪೆಟ್ಟು ಹಂದಿಯನ್ನು ಕೆಡವದೆ ಗಾಯಗೊಳಿಸಿ ಕಳುಹುತ್ತದೆ. ಗಾಯಗೊಂಡ ಹಂದಿಯು ಮರುದಿನ ಹುಲ್ಲು ಕೊಯ್ಯಲು ಹೋದವಳ ಮೇಲೆ ಸೇಡು ತೀರಿಸಿಕೊಳ್ಳುತ್ತದೆ. ಮೇಲಾಗಿ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ಬೇಟೆಯನ್ನು ನಿಷೇಧಿಸಿರುವುದನ್ನು ಮರೆಯುವಂತಿಲ್ಲ. ಇದು ಕಾಗದಕ್ಕೆ ಹುಟ್ಟಿದ ರೈಫಲ್ಲು. ಹಾಗೆಂದು ಸಣ್ಣದೆಂಬ ಸಲಿಗೆಯೂ ಕೂಡದು: ನಳಿಗೆಯನ್ನು ಮೇಲೆತ್ತಿ ಹಾರಿಸಿದರೆ ಈ ಎರಡೂವರೆ ಗ್ರಾಮಿನ ಸೀಸವು ಒಂದೂವರೆ ಕಿಲೋಮೀಟರನ್ನು ಮೀರಿ ಹೋಗಬಲ್ಲುದು, ನಮ್ಮ ನಾಡಿನಲ್ಲಿ ಅಷ್ಟು ದೂರದೊಳಗೆ ಒಂದು ಮನೆಯಾದರೂ ಇಲ್ಲದ ಬಯಲು ಎಲ್ಲಿದೆ? ಹಿಂದೆ ಎತ್ತರದ ಮಣ್ಣಿನ ದಿಬ್ಬವಿಲ್ಲದ ಜಾಗದಲ್ಲಿ ಟ್ರಿಗರಿನ ಮೇಲೆ ಬೆರಳಿಡುವುದು ಪಾಪಕಾರ್ಯ. ಮನೆಯಲ್ಲಿ ಬೋಲ್ಟೂ ಗುಂಡೂ ರೈಫಲ್ಲಿನಿಂದ ಬೇರೆಯಾಗಿ, ಬೇರೆ ಬೀಗದ ಒಳಗೆ ಇರತಕ್ಕದ್ದು.

1951ರಲ್ಲಿ, ಮುಂದೆ ಲೋಕಸಭೆಯ ಪ್ರಥಮ ಸಭಾಧ್ಯಕ್ಷರಾದ ಗ.ವಾ. ಮಾವಳಂಕರರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ರೈಫಲ್ ಸಂಘವು ಸ್ಥಾಪಿತವಾದುದು ಸಾಮಾನ್ಯರಲ್ಲಿ ಈ ಕ್ರೀಡೆಯನ್ನು ಹರಡಬೇಕೆಂಬ ಆಶಯದಿಂದ. ಆ ಆಶಯದ ನೆರಳಿನಲ್ಲಿ ಅಲ್ಲಲ್ಲಿ ನಡೆಯುತ್ತಿರುವ ರೈಫಲ್ ಕ್ಲಬ್ಬುಗಳು ಹೊಸ ಸದಸ್ಯರ ಉಪಯೋಗಕ್ಕೆಂದು ಎರಡು ಮೂರು .22 ರೈಫಲ್ಲುಗಳನ್ನು ಸಾರ್ವಜನಿಕವಾಗಿ ಇಟ್ಟು, ಗುಂಡಿನ ಬೆಲೆಯನ್ನಷ್ಟೇ ವಸೂಲುಮಾಡುವ ಪದ್ಧತಿಯನ್ನು ಬೆಳೆಸಲಿ ಎಂದು ಅವುಗಳ ಪದಾಧಿಕಾರಿಗಳಲ್ಲಿ ಬಿನ್ನವಿಸುತ್ತೇನೆ. ಇಪ್ಪತ್ತೊಂದು ತುಂಬದ ತರುಣರೂ ತರಬೇತುದಾರರ ಸಮ್ಮುಖದಲ್ಲಿ ಅಲ್ಲಿ ಅಭ್ಯಾಸ ಮಾಡಲು ಕಾನೂನು ಎಡೆಗೊಟ್ಟಿದೆ. ಓದುಗರಲ್ಲಿಯೂ ಇಷ್ಟೇ ಕೇಳಿಕೆ: ಪರವಾನಿಗೆಯ ಅರ್ಜಿಯನ್ನು ತುಂಬುವ ಮೊದಲು ನಿಮ್ಮ ಜಿಲ್ಲೆಯಲ್ಲಿ ಅಂಥ ಕ್ಲಬ್ಬು ಎಲ್ಲಿದೆಯೆಂದು ವಿಚಾರಿಸಿ, ಕೆಲವು ಭಾನುವಾರ ಅಲ್ಲಿಯ ರೈಫಲ್ಲನ್ನೇ ಹಾರಿಸಿ ನೋಡಿ, ಆಮೇಲೂ ಸ್ವಂತದ್ದು ಬೇಕೆನಿಸಿದರೆ ಅಲ್ಲಿಯ ಹಿರಿಯ ಶೂಟರನೊಬ್ಬನನ್ನು ಜೊತೆಗೆ ಕರೆದುಕೊಂಡು ಅಂಗಡಿಗೆ ಹೋಗಿರಿ.